ರೈಫಲ್‌ಗೆ ಯಾವ ರೆಸ್ಟ್? ಗುರಿ ಅಭ್ಯಾಸಕ್ಕೂ ಗುಂಡಿನ ಪರೀಕ್ಷೆಗೂ ಒಂದು ಹೋಲಿಕೆ

ರೆಸ್ಟ್ ಅಂದರೆ ಗುಂಡು ಹಾರಿಸುವಾಗ ರೈಫಲ್ ಅಲುಗಾಡದಂತೆ ಇಡುವ ಆಸರೆ. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವುದು ಚೆನ್ನಾಗಿದೆ?" ಅಂತ. ಅದಕ್ಕೆ ಉತ್ತರ ಸಿಗಬೇಕಾದರೆ, ಆ ರೆಸ್ಟ್ ಮೇಲೆ ರೈಫಲ್ ಇಟ್ಟು ನೀವು ಏನು ತಿಳಿಯಬೇಕು ಅಂತಿದ್ದೀರಿ ಎನ್ನುವುದು ಮೊದಲು ಗೊತ್ತಿರಬೇಕು. ಸ್ಕೋಪ್ ಝೀರೋ ಮಾಡುವುದು, ಅಂದರೆ ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ ರೈಫಲ್ ಮೇಲಿನ ದುರ್ಬೀನು ಹೊಂದಿಸುವುದು, ಒಂದು ಕೆಲಸ. ಎರಡು ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ ಕಂತು) ಗುಂಡುಗಳಲ್ಲಿ ಯಾವುದು ನಿಮ್ಮ ಬ್ಯಾರೆಲ್‌ಗೆ ಒಗ್ಗುತ್ತದೆ ಅಂತ ನೋಡುವುದು ಇನ್ನೊಂದು ಕೆಲಸ. ರೆಸ್ಟ್ ಮೇಲಿನಿಂದಲೇ ಸ್ಪರ್ಧೆಗೆ ಇಳಿಯುವುದು ಮೂರನೆಯದು. ಝೀರೋ ಮಾಡಲು ಎರಡು ಮರಳಿನ ಚೀಲ ಸಾಕು. ಸ್ಪರ್ಧೆಗೆ ಏನು ಬೇಕು ಅಂತ ನಿಯಮ ಪುಸ್ತಕವೇ ಹೇಳುತ್ತದೆ. ಕಷ್ಟ ಇರುವುದು ಗುಂಡಿನ ಪರೀಕ್ಷೆಯಲ್ಲಿ. ತಪ್ಪು ರೆಸ್ಟ್ ಇಟ್ಟುಕೊಂಡು ಡಬ್ಬಿಗಟ್ಟಲೆ ಗುಂಡು ಹಾರಿಸಿ, ಕೊನೆಗೆ ಏನೂ ಗೊತ್ತಾಗದೆ ಮನೆಗೆ ಹೋಗುವುದು ಇಲ್ಲೇ. ಹಾಗಾಗಿ ಈ ಹೋಲಿಕೆಯಲ್ಲಿ ಗುಂಡಿನ ಪರೀಕ್ಷೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಎಷ್ಟು ಸ್ಥಿರ ಇದ್ದರೆ ಸಾಕು?

ಟಾರ್ಗೆಟ್ ಮೇಲೆ ಕಾಣುವ ಗ್ರೂಪ್‌ನಲ್ಲಿ, ಅಂದರೆ ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳ ಗುಂಪಿನಲ್ಲಿ, ಎಲ್ಲವೂ ಬೆರೆತಿರುತ್ತದೆ. ಗುಂಡಿನ ಚದುರು, ಬ್ಯಾರೆಲ್‌ನ ಗುಣ, ಗಾಳಿ, ರೆಸ್ಟ್‌ನ ಅಲುಗಾಟ, ನಿಮ್ಮ ಭುಜ ಮತ್ತು ಬೆರಳು. ಇವನ್ನು ಸುಮ್ನೆ ಒಂದಕ್ಕೊಂದು ಕೂಡಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಪ್ರತಿಯೊಂದರ ವರ್ಗ ತೆಗೆದು, ಕೂಡಿಸಿ, ಮೊತ್ತದ ವರ್ಗಮೂಲ ನೋಡಬೇಕು. ಗುಂಡಿನ ಚದುರು 10 ಮಿ.ಮೀ., ರೆಸ್ಟ್ ಮತ್ತು ಕೈ ಸೇರಿ ಇನ್ನೊಂದು 10 ಮಿ.ಮೀ. ಅಂದುಕೊಳ್ಳಿ. ಟಾರ್ಗೆಟ್ ಮೇಲೆ ಕಾಣುವುದು ಸುಮಾರು 14. ರೆಸ್ಟ್‌ನ ಪಾಲನ್ನು 3ಕ್ಕೆ ಇಳಿಸಿದರೆ ಕಾಣುವುದು 10.4. ಆ 3 ಮಿ.ಮೀ. ಹೆಚ್ಚುಕಡಿಮೆ ಮಾಯವೇ ಆಯಿತು.

ಈಗ ಎರಡು ಲಾಟ್ ಹೋಲಿಸೋಣ. ಒಂದರದು 10 ಮಿ.ಮೀ., ಇನ್ನೊಂದರದು 12. ರೆಸ್ಟ್‌ನ ಪಾಲು 3 ಇದ್ದರೆ 10.4 ಮತ್ತು 12.4 ಕಾಣುತ್ತದೆ. ವ್ಯತ್ಯಾಸ ಹಾಗೇ ಉಳಿಯಿತು. ರೆಸ್ಟ್‌ನ ಪಾಲು 20 ಇದ್ದರೆ 22.4 ಮತ್ತು 23.3. ಒಂದು ಮಿ.ಮೀ.ಗೂ ಕಡಿಮೆ! ಇಷ್ಟು ಸಣ್ಣ ವ್ಯತ್ಯಾಸವನ್ನು ಸಾಬೀತು ಮಾಡಲು ನೂರಾರು ಗುಂಡು ಹಾರಿಸಬೇಕಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ರೆಸ್ಟ್ ಪರಿಪೂರ್ಣ ಆಗಬೇಕಿಲ್ಲ. ಅದರ ಅಲುಗಾಟ ಗುಂಡಿನ ಚದುರಿನ ಮೂರನೇ ಒಂದು ಭಾಗಕ್ಕೆ ಇಳಿದರೆ ಸಾಕು. ಅಲ್ಲಿಂದ ಆಚೆಗೆ ಹಾಕುವ ದುಡ್ಡಿಗೆ ಟಾರ್ಗೆಟ್ ಮೇಲೆ ಪ್ರತಿಫಲ ತೀರಾ ಕಡಿಮೆ.

ಅಳತೆಯ ಅಂದಾಜಿಗೆ ಇದನ್ನು ನೋಡಿ. 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ. ಪಾಯಿಂಟ್ 22 (0.22 ಇಂಚು ಕ್ಯಾಲಿಬರ್) ಗುಂಡಿನದು ಸುಮಾರು 5.6. ಸಾಮಾನ್ಯವಾಗಿ ರೈಫಲ್‌ನ ಮುಂದಿನ ಆಸರೆಗೂ ಹಿಂದಿನ ಆಸರೆಗೂ ನಡುವೆ ಅರ್ಧ ಮೀಟರ್ ಅಂತರ ಇರುತ್ತದೆ. ಟ್ರಿಗರ್ ಎಳೆದ ಗಳಿಗೆಯಿಂದ ಗುಂಡು ಬ್ಯಾರೆಲ್ ಬಿಡುವವರೆಗೆ ಹಿಂಬದಿ 0.1 ಮಿ.ಮೀ. ಕುಸಿದರೆ, ಅಂದರೆ ಒಂದು ಕಾಗದದ ಹಾಳೆಯ ದಪ್ಪದಷ್ಟು, 50 ಮೀಟರ್ ದೂರದಲ್ಲಿ ಗುಂಡು 10 ಮಿ.ಮೀ. ಸರಿಯುತ್ತದೆ. ಹತ್ತರ ವೃತ್ತದ ಹೆಚ್ಚುಕಡಿಮೆ ಪೂರ್ತಿ ಅಗಲ ಅದು. ಮುಂದಿನ ರೆಸ್ಟ್‌ಗೆ ಎಷ್ಟು ಗಮನ ಕೊಡುತ್ತೇವೋ ಹಿಂದಿನ ಚೀಲಕ್ಕೂ ಅಷ್ಟೇ ಕೊಡಬೇಕು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಮರಳಿನ ಚೀಲ: ಅಗ್ಗ ಅಂತ ಕಡೆಗಣಿಸಬೇಡಿ

ಮುಂದೆ ಒಂದು ದೊಡ್ಡ ಚೀಲ, ಹಿಂದೆ ಎರಡು ಕಿವಿಗಳ ನಡುವೆ ಸ್ಟಾಕ್ (ಬ್ಯಾರೆಲ್ ಕೂರಿಸಿದ, ಕೈಯಲ್ಲಿ ಹಿಡಿಯುವ ಒಡಲು) ಕೂರುವ ಚೀಲ. ಇದಕ್ಕಿಂತ ಸರಳವಾದ ಏರ್ಪಾಡು ಇಲ್ಲ. ಚೆನ್ನಾಗಿ ತುಂಬಿದ ಚೀಲಗಳ ಮೇಲೆ ಒಳ್ಳೆಯ ಶೂಟರ್ ತೆಗೆಯುವ ಗ್ರೂಪ್ ದುಬಾರಿ ರೆಸ್ಟ್‌ಗಳಿಗೆ ತೀರಾ ಹತ್ತಿರ ಬರುತ್ತದೆ. ಚೀಲದ ತೊಂದರೆ ಅಂದರೆ ನಿಧಾನ. ಪ್ರತಿ ಗುಂಡಿಗೂ ಚೀಲವನ್ನು ಗುದ್ದಿ, ಒತ್ತಿ, ಎತ್ತರ ಸರಿಮಾಡಬೇಕು. ಪ್ರತಿ ಸಲವೂ ಅದೇ ಆಕಾರಕ್ಕೆ ಬರುತ್ತದೆ ಅನ್ನುವ ಭರವಸೆ ಇರುವುದಿಲ್ಲ. ನಲವತ್ತು ಗುಂಡಿನ ಪರೀಕ್ಷೆಯಲ್ಲಿ ಇದೇ ಸುಸ್ತು ಮಾಡುತ್ತದೆ, ಸುಸ್ತಾದ ಕೈಯಿಂದ ಬಂದ ಫಲಿತಾಂಶ ನಂಬಲು ಆಗುವುದಿಲ್ಲ.

ಚೀಲದಲ್ಲಿ ಏನು ತುಂಬಬೇಕು ಅನ್ನುವುದೂ ಮುಖ್ಯ. ಒಣ ಮರಳು ಲೀಟರ್‌ಗೆ ಸುಮಾರು 1.6 ಕೆ.ಜಿ. ತೂಗುತ್ತದೆ. ಜಿರ್ಕಾನ್ ಮರಳು ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಬೆಂಚ್ (ಕೂತು ಹಾರಿಸುವ ಮೇಜು) ಮೇಲಿನ ಕೆಲಸಕ್ಕೆ ಭಾರವೇ ಒಳ್ಳೆಯದು. ಪ್ಲಾಸ್ಟಿಕ್ ಮಣಿ ತುಂಬಿದ ಹಗುರ ಚೀಲ ಹೊತ್ತು ನಡೆಯುವವರಿಗೆ ಸರಿ, ಗುಂಡಿನ ಪರೀಕ್ಷೆಗೆ ಬೇಡ. ಮಣಿಗಳು ಒಂದರ ಮೇಲೊಂದು ಉರುಳುತ್ತವೆ, ಚೀಲ ಮೆಲ್ಲಗೆ ಕುಸಿಯುತ್ತಲೇ ಇರುತ್ತದೆ. ಏನೇ ತುಂಬಿದರೂ ಬಿಗಿಯಾಗಿ ತುಂಬಿ. ಬೆರಳಿನಿಂದ ಒತ್ತಿದರೆ ಸ್ವಲ್ಪ ಮಾತ್ರ ಒಳಗೆ ಹೋಗಬೇಕು. ಕಿವಿಗಳಂತೂ ಕಲ್ಲಿನ ಹಾಗೆ ಗಟ್ಟಿ ಇರಬೇಕು.

ಮೂರು ಕಾಲಿನ ಮುಂದಿನ ರೆಸ್ಟ್, ಜೊತೆಗೆ ಹಿಂದಿನ ಚೀಲ

ಗುಂಡು ಪರೀಕ್ಷಿಸುವ ಹೆಚ್ಚಿನವರಿಗೆ ನನ್ನ ಸಲಹೆ ಇದೇ. ಎರಕಹೊಯ್ದ ಭಾರದ ತಳ, ಮೂರು ಕಾಲು, ಅದರ ಮೇಲೆ ತಿರುಗಿಸಿದರೆ ಏರಿಳಿಯುವ ಕಂಬ, ಕಂಬದ ತುದಿಯಲ್ಲಿ ಸ್ಟಾಕ್‌ನ ಮುಂಭಾಗ ಕೂರುವ ಸಣ್ಣ ಚೀಲ. ಎತ್ತರ ಸರಿಮಾಡಲು ಒಂದು ಚಕ್ರ. ಇನ್ನೂ ಒಳ್ಳೆಯವುಗಳಲ್ಲಿ ಎಡಬಲಕ್ಕೆ ಸರಿಸುವ ತಿರುಪು ಬೇರೆ. ಎಲ್ಲಕ್ಕಿಂತ ಮೇಲಿನದರಲ್ಲಿ ಒಂದೇ ಜಾಯ್‌ಸ್ಟಿಕ್ ಹಿಡಿದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಟ್ಟಿಗೆ ಸರಿಸಬಹುದು.

ಇದರಲ್ಲಿ ನನಗೆ ಹಿಡಿಸುವ ಗುಣ ಒಂದಿದೆ. ಗುರಿ ಸರಿಮಾಡುವ ಕೆಲಸವನ್ನು ತಿರುಪು ಮಾಡುತ್ತದೆ, ರೈಫಲ್ ಮಾತ್ರ ತನ್ನ ಪಾಡಿಗೆ ಹಿಂದಕ್ಕೆ ಜಾರಲು ಬಿಡುವಾಗಿರುತ್ತದೆ. ಗುಂಡು ಬ್ಯಾರೆಲ್ ಬಿಡುವ ಮೊದಲೇ ರೈಫಲ್ ಹಿಂದಕ್ಕೆ ಸರಿಯಲು ಶುರು ಮಾಡಿರುತ್ತದೆ. ಸಾಮಾನ್ಯ ತೂಕದ ಪಾಯಿಂಟ್ 308 ರೈಫಲ್‌ನಲ್ಲಿ ಅದು ಒಂದೆರಡು ಮಿ.ಮೀ. ಆಗುತ್ತದೆ. ಆ ಜಾರುವಿಕೆ ಪ್ರತಿ ಸಲ ನೇರವಾಗಿ, ಒಂದೇ ಥರ ಇದ್ದರೆ ಗುಂಡುಗಳು ಒಂದೇ ಕಡೆ ಹೋಗುತ್ತವೆ. ಅದಕ್ಕಾಗಿಯೇ ಚೀಲಕ್ಕೆ ನುಣುಪಾದ ಬಟ್ಟೆ ಅಥವಾ ತೊಗಲು ಬೇಕು. ತೊಗಲಿನ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಸವರುವ ರೂಢಿ ಹಳೆಯದು, ಈಗಲೂ ಕೆಲಸ ಮಾಡುತ್ತದೆ.

ಕೊಳ್ಳುವಾಗ ಮೂರು ಕಡೆ ಕೈಯಾಡಿಸಿ. ಕಂಬವನ್ನು ಬಿಗಿಮಾಡಿ ಅಲ್ಲಾಡಿಸಿ ನೋಡಿ. ಎಷ್ಟೇ ಬಿಗಿಮಾಡಿದರೂ ಕಟಕಟ ಅಂದರೆ ಅದು ಬೇಡ. ಕಾಲಿನ ತುದಿಯಲ್ಲಿ ಚೂಪು ಮೊಳೆ ಇದೆಯಾ, ಅದನ್ನು ಬಿಗಿಮಾಡುವ ನಟ್ ಇದೆಯಾ ನೋಡಿ. ರಬ್ಬರ್ ಪಾದದ ಹಗುರ ರೆಸ್ಟ್ ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ಜಾಗ ಬದಲಿಸುತ್ತದೆ. ಕೊನೆಗೆ ಮೇಲಿನ ಚೀಲದ ಅಗಲ. ಬೆಂಚ್‌ರೆಸ್ಟ್ (ಬೆಂಚ್ ಮೇಲೆ ರೆಸ್ಟ್ ಇಟ್ಟು ಆಡುವ ಸ್ಪರ್ಧೆ) ಸ್ಟಾಕ್‌ಗಳ ಮುಂಭಾಗ ಚಪ್ಪಟೆ, ಸುಮಾರು 76 ಮಿ.ಮೀ. ಅಗಲ ಇರುತ್ತದೆ. ಬೇಟೆ ಶೈಲಿಯ ಸ್ಟಾಕ್ ಕಿರಿದು, ದುಂಡಗೆ ಇರುತ್ತದೆ. ಅಗಲದ ಚೀಲದಲ್ಲಿ ಕಿರಿದಾದ ಸ್ಟಾಕ್ ಹೊರಳಾಡುತ್ತದೆ, ಆಗ ಎಷ್ಟು ದುಬಾರಿ ರೆಸ್ಟ್ ಆದರೂ ಉಪಯೋಗಕ್ಕೆ ಬರುವುದಿಲ್ಲ.

ಹಗುರ ರೆಸ್ಟ್ ಮತ್ತು ಭಾರದ ರೆಸ್ಟ್ ನಡುವೆ ಆರಿಸಬೇಕಾದರೆ ಕಣ್ಣುಮುಚ್ಚಿ ಭಾರದ್ದನ್ನೇ ತಗೊಳ್ಳಿ. ಜಾಯ್‌ಸ್ಟಿಕ್ ಬೇಕಾ? ಹೊತ್ತು ನೋಡಿಕೊಂಡು, ಗಾಳಿ ಒಂದೇ ಥರ ಇರುವಾಗಲೇ ಐದು ಗುಂಡು ಬೇಗ ಬೇಗ ಹಾರಿಸಬೇಕಾದ ಸ್ಪರ್ಧಿಗೆ ಬೇಕು. ಮನೆ ರೇಂಜ್‌ನಲ್ಲಿ ನಿಧಾನವಾಗಿ ಗುಂಡು ಪರೀಕ್ಷಿಸುವವರಿಗೆ ಎರಡು ತಿರುಪು ಸಾಕು.

ಒಂದೇ ಚೌಕಟ್ಟಿನ ರೆಸ್ಟ್ ಮತ್ತು ಸ್ಲೆಡ್

ಮುಂದಿನ, ಹಿಂದಿನ ಆಸರೆ ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಜೋಡಿಸಿದ್ದರೆ ಅದು ಒಂದೇ ತುಂಡಿನ ರೆಸ್ಟ್. ಇದನ್ನು ಸರಿಯಾಗಿ ಮಾಡಿದವು ಇವೆ. ಪಾಯಿಂಟ್ 22 ಮತ್ತು ಏರ್ ರೈಫಲ್ ಬೆಂಚ್‌ರೆಸ್ಟ್ ಆಡುವವರು ಇಂಥ ಭಾರದ, ನಯವಾದ ರೆಸ್ಟ್‌ಗಳನ್ನು ಬಳಸುತ್ತಾರೆ. ಎರಡೂ ಆಸರೆ ಒಂದೇ ಗೆರೆಯಲ್ಲಿ ಖಾಯಂ ಆಗಿರುವುದರಿಂದ ಪ್ರತಿ ಸಲ ಹೊಂದಿಸುವ ತಲೆನೋವು ಇಲ್ಲ.

ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಜಾತಿ: ಹಿಂದೆ ಬಟ್‌ಗೆ (ಭುಜಕ್ಕೆ ತಾಗುವ ಸ್ಟಾಕ್‌ನ ತುದಿಗೆ) ತಡೆ ಇರುವ, ತಟ್ಟೆಯಲ್ಲಿ ಸೀಸದ ಗುಂಡಿನ ಚೀಲವನ್ನೋ ತೂಕದ ಬಿಲ್ಲೆಯನ್ನೋ ಪೇರಿಸುವ ಸ್ಲೆಡ್. ಭುಜಕ್ಕೆ ಒದೆತ ತಟ್ಟದಂತೆ ಮಾಡುವುದು ಅದರ ಉದ್ದೇಶ. ಭುಜಕ್ಕೆ ಪೆಟ್ಟಾದವರು, ದೊಡ್ಡ ಕ್ಯಾಲಿಬರ್‌ನ ರೈಫಲ್ ಝೀರೋ ಮಾಡುವವರು ಇದರಿಂದ ನೆಮ್ಮದಿ ಪಡೆಯುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒದೆತದ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ? ರೈಫಲ್ ಹಿಂದಕ್ಕೆ ಸರಿಯದಂತೆ ತೂಕ ಹೇರಿದರೆ ಆ ಹೊಡೆತವನ್ನೆಲ್ಲ ಸ್ಟಾಕ್, ಸ್ಕೋಪ್ ಮತ್ತು ಅದರ ಮೌಂಟ್ ತಿನ್ನಬೇಕು. ಮರದ ಸ್ಟಾಕ್ ಹಿಡಿಯ ಹತ್ತಿರ ಸೀಳುವುದು, ಮೌಂಟ್ ಸಡಿಲಾಗುವುದು ಇದರಿಂದಲೇ. ಸ್ಲೆಡ್ ಬಳಸಲೇಬೇಕು ಅಂದರೆ ಆದಷ್ಟು ಕಡಿಮೆ ತೂಕ ಇಡಿ, ಇಡೀ ಚೌಕಟ್ಟು ಬೆಂಚ್ ಮೇಲೆ ಸ್ವಲ್ಪ ಜಾರಲು ಬಿಡಿ.

ಇನ್ನೊಂದು ಸಂಗತಿ. ಸ್ಲೆಡ್ ಮೇಲೆ ಝೀರೋ ಮಾಡಿದ ರೈಫಲ್ ಭುಜಕ್ಕೆ ಕೊಟ್ಟು ಹಾರಿಸಿದರೆ ಬೇರೆ ಕಡೆ ಹೊಡೆಯಬಹುದು, ಏಕೆಂದರೆ ಅದು ಹಿಂದಕ್ಕೆ ಸರಿಯುವ ರೀತಿಯೇ ಬದಲಾಗಿರುತ್ತದೆ. ಕೊನೆಯ ಝೀರೋ ಯಾವಾಗಲೂ ನೀವು ನಿಜವಾಗಿ ಶೂಟ್ ಮಾಡುವ ಭಂಗಿಯಲ್ಲೇ ಆಗಬೇಕು. ಗುಂಡಿನ ಪರೀಕ್ಷೆಗೆ ಸ್ಲೆಡ್ ಮತ್ತು ಮೂರು ಕಾಲಿನ ರೆಸ್ಟ್ ಎರಡೂ ಕೈಗೆಟುಕುವಂತಿದ್ದರೆ ಯೋಚಿಸಲೇಬೇಡಿ, ಮೂರು ಕಾಲಿನದೇ.

ಬೈಪಾಡ್

ಬೈಪಾಡ್ ಅಂದರೆ ಎರಡು ಕಾಲಿನ ಆಸರೆ. ಅದು ರೈಫಲ್‌ಗೇ ಅಂಟಿಕೊಂಡಿರುತ್ತದೆ, ಹೊರುವುದು ಸುಲಭ, ನೆಲದ ಮೇಲೆ ಮಲಗಿ ಹಾರಿಸಲು ಹೇಳಿ ಮಾಡಿಸಿದ್ದು. ದೂರದ ಗುರಿಗೆ ಮಲಗಿ, ಆಸರೆ ಮೇಲಿಂದ ಹಾರಿಸುವ ಎಫ್-ಕ್ಲಾಸ್ ಸ್ಪರ್ಧೆಯ ಎರಡು ವಿಭಾಗಗಳನ್ನು ನೋಡಿದರೆ ಎರಡೂ ಹಾದಿಗಳ ಚಿತ್ರ ಸಿಗುತ್ತದೆ. ಎಫ್-ಓಪನ್‌ನಲ್ಲಿ ಮುಂದಿನ ರೆಸ್ಟ್, ಹಿಂದಿನ ಚೀಲ, 10 ಕೆ.ಜಿ.ವರೆಗಿನ ರೈಫಲ್. ಎಫ್-ಟಿಆರ್‌ನಲ್ಲಿ ಪಾಯಿಂಟ್ 223 ಅಥವಾ 308 ಮಾತ್ರ, ಬೈಪಾಡ್ ಸೇರಿ 8.25 ಕೆ.ಜಿ. ಒಳಗೆ. ಬೈಪಾಡ್ ಇಟ್ಟುಕೊಂಡು ನೂರಾರು ಮೀಟರ್ ದೂರಕ್ಕೆ ಅದ್ಭುತವಾಗಿ ಹೊಡೆಯುವವರು ಅಲ್ಲಿದ್ದಾರೆ. ಆದರೆ ಅವರ ಬೈಪಾಡ್‌ಗಳು ಅಗಲ ಕಾಲಿನವು, ಅವರ ಅಭ್ಯಾಸ ವರ್ಷಗಳದ್ದು.

ಸಾಮಾನ್ಯ ಬೈಪಾಡ್ ಗಟ್ಟಿ ಸಿಮೆಂಟ್ ಬೆಂಚ್ ಮೇಲೆ ಪುಟಿಯುತ್ತದೆ. ಕೆಳಗೆ ಒರಟು ಕಂಬಳಿಯೋ ರಬ್ಬರ್ ಮ್ಯಾಟೋ ಹಾಕಿದರೆ ಪುಟಿತ ತಗ್ಗುತ್ತದೆ. ಭುಜದಿಂದ ಎಷ್ಟು ಮುಂದಕ್ಕೆ ಒತ್ತುತ್ತೀರಿ ಅನ್ನುವುದರ ಮೇಲೆ ಗುಂಡು ಬೀಳುವ ಎತ್ತರ ಬದಲಾಗುತ್ತದೆ. ಇಲ್ಲಿ ಪರೀಕ್ಷೆ ಆಗುವುದು ಗುಂಡಿನದಷ್ಟೇ ಅಲ್ಲ, ನಿಮ್ಮದೂ ಹೌದು. ನಿಮ್ಮ ಆಟವೇ ಬೈಪಾಡ್ ಆಟವಾಗಿದ್ದರೆ ಅಂತಿಮ ಪರೀಕ್ಷೆ ಅದರ ಮೇಲೇ ಮಾಡಿ. ಇಲ್ಲದಿದ್ದರೆ ಗುಂಡು ಆರಿಸಲು ಬೈಪಾಡ್ ಮೊದಲ ಆಯ್ಕೆ ಆಗಬಾರದು.

ವೈಸ್: ಮನುಷ್ಯನನ್ನೇ ಲೆಕ್ಕದಿಂದ ತೆಗೆಯುವುದು

ಸ್ಟಾಕ್ ಬಿಚ್ಚಿ, ಬ್ಯಾರೆಲ್ ಕೂರಿಸಿದ ಆಕ್ಷನ್ (ಬೋಲ್ಟ್ ಇರುವ ಲೋಹದ ಭಾಗ) ಅನ್ನು ಗಟ್ಟಿ ಹಿಡಿಕೆಯಲ್ಲಿ ಬಿಗಿದು ಹಾರಿಸುವ ವಿಧಾನ ಇದು. ಗುಂಡು ತಯಾರಿಸುವ ಈಲಿ, ಲಾಪುವಾದಂಥ ಕಂಪನಿಗಳ ಪರೀಕ್ಷಾ ರೇಂಜ್‌ಗಳಲ್ಲಿ ಪಾಯಿಂಟ್ 22 ಶೂಟರ್‌ಗಳು ತಮ್ಮ ರೈಫಲ್ ತಂದು, ಒಂದಾದ ಮೇಲೊಂದು ಲಾಟ್ ಹಾರಿಸಿ, ಒಗ್ಗಿದ ಲಾಟ್ ಅನ್ನೇ ಕೊಳ್ಳುತ್ತಾರೆ. ನಿಂತು, ಮಂಡಿಯೂರಿ, ಮಲಗಿ ಹಾರಿಸುವ ಶೂಟರ್‌ಗೆ ಸ್ಪರ್ಧೆಯಲ್ಲಿ ರೆಸ್ಟ್ ಬಳಸುವ ಅವಕಾಶವೇ ಇಲ್ಲ. ಆದರೂ ಲಾಟ್ ಆರಿಸುವಾಗ ಅವರಿಗೆ ಬೇಕಾದದ್ದು ಇಂಥ ಸ್ಪಷ್ಟ ಉತ್ತರವೇ. ಇಲ್ಲಿ ಗುರಿ ಇಡುವ ಮಾತೇ ಇಲ್ಲ, ಎಲ್ಲ ಗುಂಡೂ ಒಂದೇ ದಿಕ್ಕಿಗೆ ಹೋಗುತ್ತದೆ. ಬಂದ ಚದುರು ಬ್ಯಾರೆಲ್ ಮತ್ತು ಗುಂಡಿನದೇ.

ವರ್ಷಕ್ಕೆ ಸಾವಿರಾರು ಗುಂಡು ಹಾರಿಸುವ ಗಂಭೀರ ಸ್ಪರ್ಧಿಯಾಗಿದ್ದರೆ ಇಂಥ ರೇಂಜ್‌ನಲ್ಲಿ ಒಂದು ದಿನ ಕಳೆಯುವುದು ಯಾವ ರೆಸ್ಟ್ ಕೊಳ್ಳುವುದಕ್ಕಿಂತಲೂ ಲಾಭ. ಕ್ಲಬ್‌ಗಳೂ ಸೇರಿ ಒಂದು ವೈಸ್ ಮಾಡಿಸಿಕೊಳ್ಳಬಹುದು, ಆದರೆ ಅದನ್ನು ಬಿಗಿಯುವ ಬೆಂಚ್ ನೆಲಕ್ಕೇ ಸೇರಿದ ಕಾಂಕ್ರೀಟ್ ಆಗಿರಬೇಕು. ಸ್ಟಾಕ್ ಬಿಚ್ಚಿ ಮತ್ತೆ ಹಾಕುವಾಗ ತಿರುಪುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಅದೇ ಬಿಗಿಗೆ ತರುವುದನ್ನು ಮರೆಯಬೇಡಿ.

ಸ್ಪ್ರಿಂಗ್ ಇರುವ ಏರ್ ರೈಫಲ್ ಮಾತ್ರ ಈ ಹೋಲಿಕೆಗೆಲ್ಲ ಹೊರತು. ಪೆಲೆಟ್ ಹೊರಬೀಳುವ ಮೊದಲೇ ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಬಿಗಿಹಿಡಿದರೆ, ಗಟ್ಟಿ ರೆಸ್ಟ್ ಮೇಲಿಟ್ಟರೆ ಗ್ರೂಪ್ ಹರಡಿಹೋಗುತ್ತದೆ. ಅಂಗೈಯನ್ನು ಮೆತ್ತಗಿನ ಚೀಲದ ಮೇಲಿಟ್ಟು, ಅಂಗೈ ಮೇಲೆ ರೈಫಲ್ ಸಡಿಲವಾಗಿ ಕೂರಿಸಿ ಹಾರಿಸಿ. ಸಿಲಿಂಡರ್‌ನಲ್ಲಿ ಗಾಳಿ ತುಂಬುವ ಪಿಸಿಪಿ ರೈಫಲ್‌ಗಳಿಗೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಅವಕ್ಕೆ ಯಾವ ರೆಸ್ಟ್ ಆದರೂ ನಡೆಯುತ್ತದೆ.

ಕೊಂಡದ್ದು ಸರಿಯಾಗಿದೆಯಾ ಅಂತ ಬೆಂಚ್ ಮೇಲೇ ನೋಡಿ

ಒಂದೂ ಗುಂಡು ಹಾರಿಸದೆ ರೆಸ್ಟ್ ಬಗ್ಗೆ ಬಹಳ ತಿಳಿಯಬಹುದು. ರೈಫಲ್ ಖಾಲಿ ಇದೆ ಅಂತ ಕಣ್ಣಾರೆ ನೋಡಿ, ಬೋಲ್ಟ್ ತೆರೆದು, ಮೂತಿ ಟಾರ್ಗೆಟ್ ಕಡೆಗೇ ಇರಿಸಿ. ಸ್ಕೋಪ್‌ನ ಅಡ್ಡಗೆರೆ ಹತ್ತರ ಮೇಲೆ ಕೂತಾಗ ರೈಫಲ್ ಅನ್ನು ಬೆರಳ ತುದಿಯಿಂದ ಮೆಲ್ಲಗೆ ಎರಡು ಬೆರಳಗಲ ಹಿಂದಕ್ಕೆ ಎಳೆಯಿರಿ, ಮತ್ತೆ ಮುಂದಕ್ಕೆ ತಳ್ಳಿ. ಗೆರೆ ಮೇಲೆ ಕೆಳಗೆ ಆಡಿದರೆ ಪರವಾಗಿಲ್ಲ, ಸ್ಟಾಕ್‌ನ ಅಡಿ ಇಳಿಜಾರಾಗಿದ್ದರೆ ಹಾಗೆ ಆಗುವುದು ಸಹಜ. ಪಕ್ಕಕ್ಕೆ ಓಡಿದರೆ ಮಾತ್ರ ಮುಂದಿನ ರೆಸ್ಟ್, ಹಿಂದಿನ ಚೀಲ, ಟಾರ್ಗೆಟ್ ಮೂರೂ ಒಂದೇ ಗೆರೆಯಲ್ಲಿಲ್ಲ ಅಂತ ಅರ್ಥ. ಹಿಂದಿನ ಚೀಲವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಪಕ್ಕದ ಓಟ ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿ. ಈ ಒಂದು ಕೆಲಸಕ್ಕೆ ಹಾಕುವ ಹತ್ತು ನಿಮಿಷ ಗ್ರೂಪ್‌ನ ಅಡ್ಡ ಹರಡನ್ನು ಎಷ್ಟು ಇಳಿಸುತ್ತದೆ ಅಂದರೆ, ಹೊಸಬರಿಗೆ ನಂಬುವುದೇ ಕಷ್ಟ.

ಆಸರೆ ಸ್ಟಾಕ್‌ಗೆ ಮಾತ್ರ ಇರಲಿ, ಬ್ಯಾರೆಲ್‌ಗೆ ಏನೂ ತಾಗಬಾರದು. ಹೆಗಲ ಪಟ್ಟಿ ಸಿಕ್ಕಿಸುವ ಕೊಂಡಿ ಹಿಂದಕ್ಕೆ ಬಂದಾಗ ಮುಂದಿನ ಚೀಲಕ್ಕೆ ಬಡಿಯುತ್ತದಾ ನೋಡಿ, ಬಡಿದರೆ ಬಿಚ್ಚಿಡಿ.

ಪರೀಕ್ಷೆ ಹೇಗೆ?

ಮೂರು ಗುಂಡಿನ ಗ್ರೂಪ್ ನೋಡಿ ತೀರ್ಮಾನ ಮಾಡಬೇಡಿ. ಗುಂಡುಗಳ ಸಂಖ್ಯೆ ಹೆಚ್ಚಿದಷ್ಟೂ ಗ್ರೂಪ್ ದೊಡ್ಡದಾಗುತ್ತದೆ. ಮೂರು ಗುಂಡಿಗೆ ಸರಾಸರಿ 10 ಮಿ.ಮೀ. ಕೊಡುವ ರೈಫಲ್, ಏನೂ ಬದಲಾಗದಿದ್ದರೂ ಐದಕ್ಕೆ ಸುಮಾರು 13, ಹತ್ತಕ್ಕೆ ಸುಮಾರು 16 ಕೊಡುತ್ತದೆ. ಒಂದು ಲಾಟ್‌ಗೆ ಹತ್ತು ಗುಂಡಿನ ನಾಲ್ಕು ಗ್ರೂಪ್ ಆದರೂ ಬೇಕು. ಒಂದು ಲಾಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಮೊದಲನೆಯದು, ಎರಡನೆಯದು, ಮತ್ತೆ ಎರಡನೆಯದು, ಮತ್ತೆ ಮೊದಲನೆಯದು ಅಂತ ಹಾರಿಸಿ. ಗಾಳಿ, ಬೆಳಕು, ನಿಮ್ಮ ದಣಿವು ಆಗ ಎರಡಕ್ಕೂ ಸಮವಾಗಿ ಹಂಚಿಕೊಳ್ಳುತ್ತವೆ. ಪಾಯಿಂಟ್ 22 ಆದರೆ ಪ್ರತಿ ಸಲ ಗುಂಡು ಬದಲಿಸಿದಾಗ ಐದಾರು ಗುಂಡು ಲೆಕ್ಕಕ್ಕೆ ಹಿಡಿಯದೆ ಹಾರಿಸಬೇಕು. ಹಳೆಯ ಗುಂಡಿನ ಮೇಣ ಬ್ಯಾರೆಲ್‌ನಲ್ಲಿ ಉಳಿದಿರುತ್ತದೆ.

ಗ್ರೂಪ್ ಉದ್ದಕ್ಕೆ ಮೇಲಿಂದ ಕೆಳಕ್ಕೆ ಹರಡಿದೆ ಅನ್ನಿ. ತಪ್ಪು ಹಿಂದಿನ ಚೀಲದ್ದಾ, ಗುಂಡಿನದ್ದಾ? ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ತಿಳಿಯುತ್ತದೆ. ಸೆಕೆಂಡಿಗೆ 330 ಮೀಟರ್ ಹೋಗುವ ಪಾಯಿಂಟ್ 22 ಗುಂಡು 320ಕ್ಕೆ ಇಳಿದರೆ 50 ಮೀಟರ್‌ನಲ್ಲಿ 7-8 ಮಿ.ಮೀ. ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದ ಗುಂಡುಗಳೇ ನಿಧಾನದವೂ ಆಗಿದ್ದರೆ ಆ ಲಾಟ್ ಬಿಟ್ಟುಬಿಡಿ. ವೇಗ ಒಂದೇ ಥರ ಇದ್ದೂ ಎತ್ತರ ಬದಲಾಗುತ್ತಿದ್ದರೆ ಹಿಂದಿನ ಚೀಲ ಬಿಚ್ಚಿ ಇನ್ನಷ್ಟು ಮರಳು ತುಂಬಿ.

ಈಗಾಗಲೇ ಒಂದು ಸಾಧಾರಣ ರೆಸ್ಟ್ ಇದ್ದವರು ಮೊದಲು ಹಿಂದಿನ ಚೀಲವನ್ನು ಬದಲಿಸಿ, ಆಮೇಲೆ ರೆಸ್ಟ್ ಕೂರುವ ಬೆಂಚ್ ನೋಡಿ. ಮಡಚುವ ಮೇಜಿನ ಮೇಲೆ ಯಾವ ರೆಸ್ಟ್ ಇಟ್ಟರೂ ನಿಮ್ಮ ಎದೆಬಡಿತ ಸ್ಕೋಪ್‌ನಲ್ಲಿ ಕಾಣುತ್ತದೆ. ಮುಂದಿನ ರೆಸ್ಟ್ ಬದಲಿಸುವ ಯೋಚನೆ ಇವೆರಡೂ ಆದ ಮೇಲೆ.